ಆರನೇ ಗಾಡಿಯ ವೈರು

ಬುಧವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಆಂಬ್ಯುಲೆನ್ಸ್ ಓಡಿಸುತ್ತಿದ್ದ ಅವಳ ತಮ್ಮ ಹಿಂದಿನ ಮಧ್ಯಾಹ್ನ, ರೋಗಿಯನ್ನು ಇಳಿಸಿ ಒಬ್ಬನೇ ಮರಳುವಾಗ, ಎದೆ ಹಿಡಿದುಕೊಂಡು ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿದ್ದ. ನಲವತ್ತು ನಿಮಿಷ ಯಾರೂ ಬರಲಿಲ್ಲ. ಸೀಟಿನಲ್ಲೇ ಪ್ರಾಣ ಹೋಯಿತು.

“ಅವನ ಕಾಲು ಎಮರ್ಜೆನ್ಸಿ ಸ್ವಿಚ್ ಮೇಲೇ ಇತ್ತು ಸಾರ್. ತುಳಿದ್ರೆ ಕಂಟ್ರೋಲ್ ರೂಮಲ್ಲಿ ಅಲಾರಾಂ ಕೂಗುತ್ತೆ, ಅಲ್ಲಿನವರು ಜಾಣಕಿವುಡು ಮಾಡಿದಾರೆ. ಆ ಸ್ವಿಚ್ ಕೂರಿಸಿದ್ದು ನಮ್ಮ ಯಜಮಾನ್ರು, ವರ್ಕ್‌ಶಾಪ್ ಫಿಟ್ಟರ್. ಅವರು ಮಾಡಿದ ಕೆಲಸ ಕೆಡೋ ಮಾತೇ ಇಲ್ಲ.”

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಸರ್ಕಾರಿ ಕಿವಿಗಳ ಮೇಲೆ ಅವರಿಗೂ ಅಂಥ ಭರವಸೆಯೇನೂ ಇರಲಿಲ್ಲ.

ಹನ್ನೊಂದೂ ಮುಕ್ಕಾಲಿಗೆ ಪಂಚರ ಎದುರು ಅವನ ಗಾಡಿಯ, ಅಂದರೆ ಆರನೇ ನಂಬರಿನದರ, ವೈರ್‌ಲೆಸ್ ಸೆಟ್ ಬಿಚ್ಚಲಾಯಿತು. ಅದರ ಬೆನ್ನಿಗೆ ಒಂದೇ ಅಗಲ ಪ್ಲಗ್. ಹಾರ್ನ್, ಹೆಚ್ಚುವರಿ ಸ್ಪೀಕರ್, ಇಂಜಿನ್ ಕೀಲಿ, ಕಾಲಿನ ಸ್ವಿಚ್, ಈ ನಾಲ್ಕರ ವೈರುಗಳೂ ಅದರಲ್ಲೇ ಸೇರಬೇಕು. ಮೂರು ಸೇರಿದ್ದವು. ಕಾಲಿನ ಸ್ವಿಚ್ಚಿನ ವೈರು ಹೊರಗಿತ್ತು.

“ಇಲಿ ಕಡಿದಿರ್ಬೇಕು ಸಾರ್,” ಎಂದ ಹೆಡ್ ಕಾನ್‌ಸ್ಟೇಬಲ್.

“ಕಡಿದು, ಆಮೇಲೆ ಟೇಪ್ ಸುತ್ತಿ, ಉಳಿದ ವೈರಿನ ಹಿಂದೆ ಬಚ್ಚಿಡ್ತೇನಯ್ಯಾ ಇಲಿ?”

ಪಂಚನಾಮೆಗೆ ಸಹಿಗಳಾದವು. ಪ್ರತಿ ಸೋಮವಾರ ಎಂಟಕ್ಕೆ ಆರೂ ಗಾಡಿಗಳ ಸ್ವಿಚ್ ತುಳಿದು ಪರೀಕ್ಷಿಸುವುದು, ಕಂಟ್ರೋಲ್ ರೂಮಿನಲ್ಲಿ ಅಲಾರಾಂ ಬರುವುದು ವಾಡಿಕೆ. ಈ ಸೋಮವಾರ ಅಲ್ಲಿ ಬಂದಿದ್ದು ಐದು. “ಆರನೇದು ಹೊರಗಡೆ ಹೋಗಿದೆ, ಆಮೇಲೆ ನೋಡ್ತೀನಿ ಅಂದ್ರು ಫಿಟ್ಟರ್,” ಎಂದಳು ಆಪರೇಟರ್. ವರ್ಕ್‌ಶಾಪಿನ ರಿಜಿಸ್ಟರಿನಲ್ಲಿ ಮಾತ್ರ ಆರಕ್ಕೂ ಸರಿ ಗುರುತು ಬಿದ್ದಿತ್ತು. ದೂರುದಾರಳ ಗಂಡನದೇ ಸಹಿ.

ಮೂರು ಗಂಟೆಗೆ ಅವನನ್ನು ಕರೆಸಿದರು.

“ಸೋಮವಾರ ಆರನೇ ಗಾಡಿ ಸ್ವಿಚ್ ನೋಡಿದ್ರಾ?”

“ನೋಡಿದೆ.”

“ಅಲಾರಾಂ ಹೋಗಿಲ್ಲ. ವೈರ್ ಬಿಚ್ಚಿದ್ದು ಯಾರು?”

ಫಿಟ್ಟರ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

“ನಾನೇ. ಎರಡು ಸಲ ಅವನಿಗೆ ಕಣ್ಣು ಕತ್ತಲೆ ಬಂದು ಕಾಲು ಜಾರಿ ಸ್ವಿಚ್ ಮೇಲೆ ಬಿತ್ತು. ಕಂಟ್ರೋಲ್ ರೂಮಲ್ಲಿ ಸುಳ್ಳು ಅಲಾರಾಂ ಅಂತ ಬರ್ಕೊಂಡ್ರು. ಮೂರನೇ ಸಲ ಆದ್ರೆ ಕೆಲಸ ಹೋಗುತ್ತೆ, ಏನಾದ್ರೂ ಮಾಡಿ ಭಾವ ಅಂತ ಕೈ ಹಿಡ್ಕೊಂಡ.”

“ಬಿಚ್ಚಿದ್ದು ಅವನಿಗೆ ಗೊತ್ತಿತ್ತಾ?”

“ಇಲ್ಲ. ಸರಿ ಮಾಡಿದೀನಿ, ಇನ್ಮೇಲೆ ಸುಮ್ಮಸುಮ್ಮನೆ ಕೂಗಲ್ಲ ಅಂದೆ. ನಂಬಿದ.”

ಇನ್ಸ್‌ಪೆಕ್ಟರ್ ಕಂಟ್ರೋಲ್ ರೂಮಿನಿಂದ ತಂದ ನಿಯಮದ ಹಾಳೆಯನ್ನು ಅವನತ್ತ ತಿರುಗಿಸಿದರು. ಮೂರನೇ ಸುಳ್ಳು ಅಲಾರಾಂ ಬಂದರೆ ಚಾಲಕನನ್ನು ಅದೇ ದಿನ ವೈದ್ಯರ ಬಳಿ ಕಳಿಸಿ ಹೃದಯ ಪರೀಕ್ಷೆ ಮಾಡಿಸಬೇಕು. ಕೆಲಸದಿಂದ ತೆಗೆಯುವ ಮಾತು ಎಲ್ಲಿಯೂ ಇರಲಿಲ್ಲ.

“ತೆಗೀತಾರೆ ಅಂತ ಎಲ್ರೂ ಹೇಳ್ತಿದ್ರು ಸಾರ್,” ಎಂದ ಫಿಟ್ಟರ್. ಮತ್ತೊಮ್ಮೆ ಓದಿದ. ಆಮೇಲೆ ಹಾಳೆಯ ಮೇಲೆ ಹಣೆಯಿಟ್ಟು ಅತ್ತುಬಿಟ್ಟ.

ನಾಲ್ಕೂ ಐವತ್ತಕ್ಕೆ ಬಂಧನ. ಕಾರಣದ ಜಾಗದಲ್ಲಿ ಇನ್ಸ್‌ಪೆಕ್ಟರ್ ‘ಭಾಮೈದನ ಕೆಲಸ ಉಳಿಸಲು’ ಎಂದು ಬರೆದರು. ಅದಕ್ಕಿಂತ ಸರಿಯಾದ ಮಾತು ಅವರಿಗೆ ಸಿಗಲಿಲ್ಲ. ಬಂಧನದ ಸುದ್ದಿಯನ್ನು ಹತ್ತಿರದ ಸಂಬಂಧಿಗೆ ತಿಳಿಸಿ ಸಹಿ ಪಡೆಯಬೇಕಿತ್ತು. ಹೊರಗಿನ ಬೆಂಚಿನಲ್ಲಿ ಅವನ ಹೆಂಡತಿ ಕಾಯುತ್ತಿದ್ದಳು.

“ಸಿಕ್ಕಿದ್ರಾ ಸಾರ್, ಯಾರಂತ?” ಎನ್ನುತ್ತ ಎದ್ದು ನಿಂತಳು.

ಇನ್ಸ್‌ಪೆಕ್ಟರ್ ಕಾಗದವನ್ನು ಹಿಂದೆ ಹಿಡಿದುಕೊಂಡು, “ಮೊದಲು ಕೂತ್ಕೊಳ್ಳಮ್ಮ,” ಎಂದರು.