ಬೇಸಿನ್ನಿನ ಕನ್ನಡಿ

ಡ್ರೆಸ್ಡೆನ್‌ನ ಚಿಪ್ ಕಾರ್ಖಾನೆಯಲ್ಲಿ ಕ್ಲೀನ್‌ರೂಮಿಗೆ ಹೋಗುವ ಮೊದಲು ಹಣೆ ತೊಳೆದುಕೊಳ್ಳಬೇಕು. ವಿಭೂತಿಯ ಒಂದು ಕಣ ಉದುರಿದರೂ ಚಿಪ್ ಕೆಡುತ್ತದೆ. ಅಂದು ಪಕ್ಕದ ಬೇಸಿನ್ನಿನಲ್ಲಿ ಇನ್ನೊಬ್ಬರು ಮೂರು ಬೆರಳಿನ ವಿಭೂತಿ ತೊಳೆಯುತ್ತಿದ್ದರು. ಕನ್ನಡಿಯಲ್ಲಿ ನೋಡಿದೆ. ಅವರೂ ನೋಡಿದರು.

“ಯಾವೂರ್ರಿ ಮೇಡಂ?”

“ಇಳಕಲ್ಲ.”

“ನಂದು ಮುದ್ದೇಬಿಹಾಳ. ಇಷ್ಟು ದೂರ ಬಂದು ಬಾಜೂ ಊರವ್ರು ಸಿಕ್ರಿ ನೋಡ್ರಿ.”

ಹೆಸರು ಸಿದ್ದಲಿಂಗೇಶ. ನನ್ನಂತೆಯೇ, ಜರ್ಮನಿ ಆಗ ಹೊರದೇಶದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬಂದ ಎಂಜಿನಿಯರ್. ಒಳಗೆ ಎಲ್ಲರಿಗೂ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ, ಬಾಯಿಗೆ ಮಾಸ್ಕ್. ಕಾಣುವುದು ಕಣ್ಣು ಮಾತ್ರ. ನಲವತ್ತು ಜನರ ನಡುವೆಯೂ ಆ ಕಣ್ಣು ನನಗೆ ಸಿಗುತ್ತಿತ್ತು. ನಾನು ತಪ್ಪು ಬಟನ್ ಒತ್ತಿದ ದಿನ ಅವರ ಎಡಗಣ್ಣು ಸ್ವಲ್ಪ ಸಣ್ಣದಾಯಿತು. ನಕ್ಕರೋ, ಬೈದರೋ? ಊಟದ ಹೊತ್ತಿನವರೆಗೂ ಅದೇ ಜಪ.

ಮಾರ್ಚಿನಲ್ಲಿ ಅವರನ್ನು ಇಲ್ಲಿಗೆ ಕಳಿಸಿದ್ದ ಗುತ್ತಿಗೆ ಕಂಪನಿ ಇಪ್ಪತ್ತು ಜನರನ್ನು ಕೆಲಸದಿಂದ ತೆಗೆಯಿತು. ಅವರೂ ಒಬ್ಬರು. ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಎಲ್ಬೆ ನದಿಯ ದಂಡೆಯ ಬೆಂಚಿನ ಮೇಲೆ ಕೂತು ಮೆಲ್ಲಗೆ ಅಂದರು:

“ನಾವಿಬ್ರೂ ಮದಿವಿ ಆದ್ರ ನಿಮ್ಮ ಕಾರ್ಡಿನ ಮ್ಯಾಲೆ ಇಲ್ಲೇ ಇರಬಹುದಂತ. ಮೊದಲನೇ ವರ್ಷ ನನಗ ಕೆಲಸಕ್ಕ ಪರವಾನಗಿ ಇಲ್ಲ. ರೊಟ್ಟಿ ಬಡ್ಕೊಂತ ಇರ್ತೀನಿ.”

ನಾನು ನೀರನ್ನೇ ನೋಡಿದೆ. ಅವರ ಮುಖ ನೋಡಲಾಗಲಿಲ್ಲ.

ಕಾಲೇಜಿನಲ್ಲಿ ಅರವತ್ತು ಹುಡುಗರ ನಡುವೆ ನಾವು ನಾಲ್ವರು ಹುಡುಗಿಯರು. ಉಳಿದ ಮೂವರು ಗಂಡಂದಿರ ಹಿಂದೆ ಹೋಗಿ ಕೆಲಸ ಬಿಟ್ಟರು. ನನ್ನನ್ನು ನೋಡಲು ಬಂದವರೆಲ್ಲ ಅವಲಕ್ಕಿ ತಿಂದು, ಕೆಲಸ ಬಿಡುತ್ತೀಯಾ ಎಂದೇ ಕೇಳಿದರು. ಈಗ ಒಬ್ಬರು ಆ ಕೆಲಸದ ಆಸರೆಯನ್ನೇ ಕೇಳುತ್ತಿದ್ದಾರೆ. ಅವರಿಗೆ ಬೇಕಾದದ್ದು ನಾನೋ, ನನ್ನ ಕೆಲಸವೋ?

ಅವ್ವನಿಗೆ ಫೋನ್ ಮಾಡಿದೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟು, ವಚನಗಳನ್ನೆಲ್ಲ ಕಿವಿಯಿಂದಲೇ ಕಲಿತವಳು ಅವಳು. ಪೂರ್ತಿ ಕೇಳಿಸಿಕೊಂಡಳು. “ಇದನ್ನ ಅವನ್ನ ಕೇಳವ್ವ, ನನ್ನ ಯಾಕ ಕೇಳ್ತಿ?” ಎಂದಳು.

ಮರುದಿನ, ಆ ಅವಲಕ್ಕಿಯ ಕತೆಯನ್ನೂ ಹೇಳಿ, ಅವರನ್ನೇ ಕೇಳಿದೆ.

“ಖರೇ ಹೇಳ್ಲೇನ್ರಿ? ನನಗೂ ತಿಳೀವಲ್ದು. ಎರಡೂ ಕಲಸಿಬಿಟ್ಟಾವ. ಊರಿಗೆ ಹೊಕ್ಕೀನಿ. ಅಲ್ಲಿ ನನ್ನ ಕೆಲಸ ಹಿಡಿದ ಮ್ಯಾಲೂ ನಿಮ್ಮ ನೆನಪು ಹಿಂಗ ಕಾಡಿದ್ರ, ಆವಾಗ ಮತ್ತ ಕೇಳ್ತೀನಿ.”

ಇರಿ ಎನ್ನಬೇಕಿತ್ತೇನೋ. ಸುಳ್ಳು ಹೇಳದೆ ಹೊರಟವರನ್ನು ಹೇಗೆ ತಡೆಯುವುದು?

ಸ್ಟೇಷನ್ನಿನಲ್ಲಿ ಅವರು ಫ್ರಾಂಕ್‌ಫರ್ಟ್ ರೈಲು ಹತ್ತುವಾಗ ಮಾತು ತಾನಾಗಿ ಬಾಯಿಂದ ಬಂತು.

“ನೀವು ಕೇಳೂದು ಬ್ಯಾಡ್ರಿ. ದೀಪಾವಳಿಗೆ ಅವ್ವನ್ನ ಕರಕೊಂಡು ನಾನೇ ಮುದ್ದೇಬಿಹಾಳಕ್ಕ ಬರ್ತೀನಿ, ಗಂಡು ನೋಡಾಕ. ಅವಲಕ್ಕಿ ನೀವು ತಂದಿಡ್ರಿ.”

“ಕೆಲಸ ಬಿಡ್ತೀಯೇನಪಾ ಅಂತ ನಿಮ್ಮ ಅವ್ವ ಕೇಳಿದ್ರ ಏನ್ ಹೇಳ್ಲಿ?”

“ನನಗೇನ್ ಗೊತ್ರಿ.”

ಬಾಗಿಲು ಮುಚ್ಚಿತು. ಗಾಜಿನ ಹಿಂದೆ ಆ ಎಡಗಣ್ಣು ಸಣ್ಣದಾಯಿತು. ಈ ಸಲ ಮಾಸ್ಕ್ ಇರಲಿಲ್ಲ. ನಗುತ್ತಿದ್ದರು.