ಡಿಸ್ಕಿಗೆ ಇಳಿಯದ ಸಾಲು

ಮಾರ್ಚ್ ಹನ್ನೊಂದು, ಮಂಗಳವಾರ. ಸಂಜೆ ನಾಲ್ಕು ಹತ್ತಕ್ಕೆ ಆಸ್ಪತ್ರೆಯ ಸೂಪರಿಂಟೆಂಡೆಂಟರು ಟೈಪ್ ಮಾಡಿಸಿದ ದೂರು ಹಿಡಿದು ಠಾಣೆಗೆ ಬಂದರು. ಜೊತೆಗೆ ಅದೇ ದಿನ ತಂದೆಯನ್ನು ಕಳೆದುಕೊಂಡ ಹೆಣ್ಣುಮಗಳು. ತಂದೆ ದರ್ಜಿ. ಜ್ವರಕ್ಕೆ ಪ್ರಜ್ಞೆ ತಪ್ಪಿದ್ದರಿಂದ ಹದಿನಾಲ್ಕನೇ ಹಾಸಿಗೆಗೆ ಸೇರಿಸಿದ್ದರು. ಪೆನಿಸಿಲಿನ್ ಅವರ ಮೈಗೆ ಆಗದೆಂದು ಮಗಳು ನರ್ಸ್‌ಗೆ ಹೇಳಿದ್ದಳು. ಕಂಪ್ಯೂಟರಿನಲ್ಲಿ ಆ ಸಾಲೇ ಇರಲಿಲ್ಲ. ಬೆಳಿಗ್ಗೆ ಹನ್ನೊಂದು ಐದಕ್ಕೆ ಅದೇ ಇಂಜೆಕ್ಷನ್ ಬಿತ್ತು. ಹನ್ನೊಂದೂವರೆಗೆ ಜೀವ ಹೋಯಿತು.

"ನರ್ಸ್ ಬರ್ದಿಲ್ಲ. ಅಷ್ಟೇ ಕೇಸು," ಎಂದರು ಸೂಪರಿಂಟೆಂಡೆಂಟರು.

ಇನ್ಸ್‌ಪೆಕ್ಟರ್ ಎಫ್ಐಆರ್ ಹಾಕಿಸಿದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ, ಅಷ್ಟೇ ಎಂದು ಶುರುವಾದ ಒಂದು ಕೇಸೂ ಅಷ್ಟಕ್ಕೇ ಮುಗಿದದ್ದನ್ನು ಅವರು ಕಂಡಿರಲಿಲ್ಲ.

ಐದೂವರೆಗೆ ನರ್ಸ್ ಬಂದಳು. ಅತ್ತೆ ಅವಳ ತೋಳು ಬಿಟ್ಟಿರಲಿಲ್ಲ.

"ಎಷ್ಟೊತ್ತಿಗೆ ಬರೆದ್ರಿ?"

"ಹತ್ತು ಹನ್ನೆರಡಕ್ಕೆ ಸಾರ್. 'ಉಳಿಸಲಾಗಿದೆ' ಅಂತ ಬಂತು. ಹತ್ತೂವರೆಗೆ ಪಾಳಿ ಮುಗಿಸಿ ಹೊರಟೆ."

"ಸಾಕ್ಷಿ?"

ಅತ್ತೆ ಬಾಯಿಬಿಟ್ಟರು: "ಗ್ಯಾಸ್ ಆಫ್ ಮಾಡಿದ್ದನ್ನ ಮೂರು ಸಲ ಎದ್ದು ನೋಡೋಳು ಇವಳು. ದಿನಾ ಬೈತೀನಿ ಅದಕ್ಕೆ. ಇವಳು ಬರೆಯೋದು ಮರೀತಾಳಾ?"

ಅತ್ತೆ ಸೊಸೆಯ ಪರ ನಿಂತರೆ ನ್ಯಾಯಾಲಯ ಒಪ್ಪುವುದಿಲ್ಲ, ಇನ್ಸ್‌ಪೆಕ್ಟರ್ ಮಾತ್ರ ಕಿವಿಗೊಟ್ಟರು. ಕೇಸು ನಿಂತರೆ ಆಕೆಗೆ ಜೈಲು. ನಿಲ್ಲದಿದ್ದರೂ ಸಂಶಯ ಉಳಿದರೆ ಯಾವ ಆಸ್ಪತ್ರೆಯೂ ಹತ್ತಿರ ಸೇರಿಸದು.

ಬುಧವಾರ ಒಂಬತ್ತಕ್ಕೆ ವಾರ್ಡಿನಲ್ಲಿ ಪಂಚನಾಮೆ. ಠಾಣೆಯೆಲ್ಲ 'ಮೀಸೆ' ಎಂದು ಕರೆಯುವ ಹೆಡ್ ಕಾನ್ಸ್‌ಟೇಬಲ್ ಟೀ ಹುಡುಕಿಕೊಂಡು ಆಸ್ಪತ್ರೆಯ ಅಡುಗೆಮನೆಗೆ ಹೋದವರು ಚೀಟಿಯೊಂದನ್ನು ಹಿಡಿದು ಬಂದರು. ಯಾರಿಗೆ ಯಾವ ಊಟವೆಂದು ಪ್ರಿಂಟರ್ ದಿನಾ ಕಾರುವ ಚೀಟಿ. ಅಲರ್ಜಿ ಎಂದಿದ್ದೆಲ್ಲ ಅದರಲ್ಲಿ ಅಚ್ಚಾಗುತ್ತದೆ. ಅಡುಗೆಯವರು ಅದನ್ನು ಮೊಳೆಗೆ ಚುಚ್ಚಿಟ್ಟಿದ್ದರು. ಮಂಗಳವಾರ ಹತ್ತು ಇಪ್ಪತ್ತೈದರ ಚೀಟಿ. ಹಾಸಿಗೆ ಹದಿನಾಲ್ಕು: ಪೆನಿಸಿಲಿನ್.

ಇನ್ಸ್‌ಪೆಕ್ಟರ್ ಅಡುಗೆಯವನನ್ನು ಕರೆಸಿದರು. "ಯಾಕ್ರೀ ಯಾರಿಗೂ ಹೇಳ್ಲಿಲ್ಲ?"

"ಅಡುಗೆಯವನ್ನ ಯಾರು ಕೇಳ್ತಾರೆ ಸಾರ್, ಉಪ್ಪು ಜಾಸ್ತಿ ಆದಾಗ ಬಿಟ್ಟು?"

ಹಾಗಿದ್ದರೆ ನರ್ಸ್ ಬರೆದಿದ್ದಳು. ಬರೆದದ್ದು ಆಮೇಲೆ ಮಾಯವಾಗಿತ್ತು. ಇನ್ಸ್‌ಪೆಕ್ಟರ್ ಉಳಿದ ವಾರ್ಡುಗಳನ್ನೂ ಲ್ಯಾಬನ್ನೂ ತಡಕಿದರು. ಹತ್ತು ಮೂವತ್ತೊಂದಕ್ಕೆ ಕರೆಂಟ್ ಹೋಗಿ, ಬ್ಯಾಟರಿಯೂ ಕೈಕೊಟ್ಟಿತ್ತು. ಅದಕ್ಕೆ ಹಿಂದಿನ ಅರ್ಧ ಗಂಟೆಯಲ್ಲಿ ಯಾರು ಏನೇ ಬರೆದಿದ್ದರೂ ಗುಳುಂ. ಇಡೀ ಆಸ್ಪತ್ರೆಯ ಅರ್ಧ ಗಂಟೆ ಅಳಿಸಿಹೋಗಿದ್ದರೂ ಠಾಣೆಗೆ ಎಳೆದು ತಂದದ್ದು ಒಬ್ಬಳು ಹೆಂಗಸನ್ನು. ಇನ್ಸ್‌ಪೆಕ್ಟರರ ಮೈ ಉರಿಯಿತು.

ಮಧ್ಯಾಹ್ನ ಎರಡಕ್ಕೆ ಸೈಬರ್ ವಿಭಾಗದ ಇಂಜಿನಿಯರ್ ಬಂದು ಯಂತ್ರದ ಮುಂದೆ ಕುಳಿತಳು.

"ಡಿಸ್ಕ್ ನಿಧಾನ ಸಾರ್. ಅದಕ್ಕೆ ಬರೆದಿದ್ದು ಮೊದಲು ಮೆಮೊರಿಗೆ ಹೋಗುತ್ತೆ. ಕರೆಂಟ್ ಹೋದ್ರೆ ಮೆಮೊರಿ ಖಾಲಿ. ಒಳಗೆ ಕರ್ನಲ್ ಅಂತ ಒಬ್ಬ ಯಜಮಾನ. ಆ ಪುಟ ಕೊಳೆ, ಇನ್ನೂ ಡಿಸ್ಕಿಗೆ ಇಳಿದಿಲ್ಲ ಅಂತ ಗುರುತು ಹಾಕಿರ್ತಾನೆ. ಅಷ್ಟರಲ್ಲಿ ಯಾರು ಓದಿದ್ರೂ ಮೆಮೊರಿಯಿಂದಲೇ ಕೊಡ್ತಾನೆ. ಅಡುಗೆಮನೆ ಚೀಟಿ ಹಾಗೆ ಬಂದಿದ್ದು. ಮೂವತ್ತು ಸೆಕೆಂಡು ದಾಟಿದ ಪುಟಗಳನ್ನ ಆಗಾಗ ಎದ್ದು ಡಿಸ್ಕಿಗೆ ಇಳಿಸ್ತಾನೆ."

"ಸೆಕೆಂಡಾ? ಇಲ್ಲಿ ಹೋಗಿರೋದು ನಿಮಿಷ."

"ಯಾರೋ ಬೇಕಂತಲೇ ಮೂವತ್ತು ನಿಮಿಷ ಮಾಡಿದಾರೆ. 'ಈಗ್ಲೇ ಇಳಿಸು, ಇಳಿಸಿದ ಮೇಲೇ ಉಳೀತು ಅನ್ನು' ಅಂತ ಪ್ರೋಗ್ರಾಂ ಹಟ ಮಾಡ್ಬೇಕು. ಆ ಹಟಾನೂ ಬಿಡಿಸಿದಾರೆ. ಆದ್ರೆ ಈಗ ನೋಡಿದ್ರೆ ಎಲ್ಲಾ ಸರಿಯಾಗಿದೆ. ಭಾನುವಾರದ ಬ್ಯಾಕಪ್‌ನಲ್ಲಿ ಮೂವತ್ತು ನಿಮಿಷ, ಈಗ ಮೂವತ್ತು ಸೆಕೆಂಡು. ತಿದ್ದಿದ್ದು ಮಂಗಳವಾರ ಹತ್ತು ಐವತ್ತೆರಡಕ್ಕೆ."

ಲಾಗಿನ್, ಆಸ್ಪತ್ರೆಯ ಸಿಸ್ಟಂ ನೋಡಿಕೊಳ್ಳುವವನದು. ಗುರುವಾರ ಹನ್ನೊಂದಕ್ಕೆ ಅವನನ್ನು ಕೂರಿಸಿದರು.

"ಹತ್ತು ಐವತ್ತೆರಡಕ್ಕೆ ಏನು ಮಾಡಿದ್ರಿ?"

"ಸೆಟ್ಟಿಂಗ್ ಮೊದಲಿನ ಹಾಗೆ ಮಾಡಿದೆ."

"ಅರ್ಧ ಗಂಟೆ ಬರೆದಿದ್ದೆಲ್ಲ ಹೋಗಿದೆ ಅಂತ ಆಗ ಗೊತ್ತಿತ್ತಾ?"

"ಗೊತ್ತಿತ್ತು."

"ಫೋನ್ ಎಲ್ಲಿತ್ತು?"

"ಮೇಜಿನ ಮೇಲೆ."

"ಇಂಜೆಕ್ಷನ್ ಕೊಟ್ಟಿದ್ದು ಹನ್ನೊಂದು ಐದಕ್ಕೆ. ಹದಿಮೂರು ನಿಮಿಷ ಇತ್ತು. ಎತ್ತಿ ಒಂದು ಮಾತು ಹೇಳೋಕೆ ಎಷ್ಟು ನಿಮಿಷ ಬೇಕಿತ್ತಪ್ಪಾ?"

ನಾಲ್ಕು ನಲವತ್ತಕ್ಕೆ ದಸ್ತಗಿರಿ: ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ. ಹೊರಗೆ ಬೆಂಚಿನ ಮೇಲೆ ದರ್ಜಿಯ ಮಗಳು ನರ್ಸ್‌ನ ಕೈ ಹಿಡಿದು ಕುಳಿತಿದ್ದಳು. "ಅಕ್ಕಾ, ನಿಮ್ಮನ್ನೇ ಬೈದುಬಿಟ್ಟೆ," ಎನ್ನುತ್ತಿದ್ದಳು.

ಅವನ ಹೇಳಿಕೆಯ ಕೊನೆಯ ಪುಟದಲ್ಲಿ ಕಾರಣವಿತ್ತು. ಸಿಸ್ಟಂ ನಿಧಾನವೆಂದು ತಿಂಗಳ ಸಭೆಯಲ್ಲಿ ವೈದ್ಯರೆಲ್ಲ ವರ್ಷವಿಡೀ ಅವನನ್ನು ಆಮೆ ಎಂದು ಕರೆದಿದ್ದರು. ಸೂಪರಿಂಟೆಂಡೆಂಟರೂ ನಕ್ಕಿದ್ದರು. ಸೆಟ್ಟಿಂಗ್ ಬದಲಾಯಿಸಿದ ಮೇಲೆ ಪರದೆ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ತೆರೆಯತೊಡಗಿತು; ಸಭೆಯಲ್ಲಿ ಚಪ್ಪಾಳೆ ಬಿತ್ತು. ಫೋನ್ ಎತ್ತಿದ್ದರೆ ಬರೆದದ್ದು ಹೇಗೆ ಹೋಯಿತೆಂದು ಕೇಳುತ್ತಿದ್ದರು, ಸೆಟ್ಟಿಂಗಿನ ಗುಟ್ಟು ಹೊರಬೀಳುತ್ತಿತ್ತು.

ಇನ್ಸ್‌ಪೆಕ್ಟರ್ ಬರೆದದ್ದನ್ನು ಅವನಿಗೆ ಓದಿ ಹೇಳಿದರು. ಆಮೆ ಎಂಬ ಮಾತು ಬಂದಾಗ ಅವನು ನಾಚಿ ತಲೆ ತಗ್ಗಿಸಿದ. ಹದಿಮೂರು ನಿಮಿಷ ಎಂದು ಓದಿದಾಗ ತಗ್ಗಿಸಿರಲಿಲ್ಲ.