ಮಣಿಪರದೆಯ ಹಿಂದಿನ ಮಾತು

ಸೂಜಿಯ ಕಣ್ಣಿಗೆ ನೂಲು ಪೋಣಿಸಲು ತೀರ್ಥರಾಮ ಮಾಷ್ಟ್ರಿಗೆ ಹಿಡಿದದ್ದು ಬರೋಬ್ಬರಿ ಕಾಲು ಗಂಟೆ. ಎದುರು ಕೂತ ಕಮಲಾವತಿ ಬಾಯಿ ಬಿಡದೆ ನೋಡಿದಳು, ಕೊನೆಗೆ ತಡೆಯಲಾಗಲಿಲ್ಲ.

"ಶಾಲೆಯಲ್ಲಿ ಮಕ್ಕಳಿಗೂ ಇಷ್ಟು ಹೊತ್ತು ಕೊಡ್ತೀರಾ ಮಾಷ್ಟ್ರೆ?"

"ಇಲ್ಲ. ಕಿವಿ ಹಿಂಡ್ತೇನೆ."

"ಹಾಗಾದ್ರೆ ಈಗ ನಾನು ಹಿಂಡುದಾ?"

ಜಗಲಿಯ ಮೂಲೆಯಲ್ಲಿ ಅವಳ ಅಜ್ಜ ಬೋಜಪ್ಪ ಗೌಡರು ಹೋ ಎಂದು ನಕ್ಕರು. ತೀರ್ಥರಾಮ ನಗಲಿಲ್ಲ, ಹಿಂಡದೆಯೇ ಅವನ ಕಿವಿ ಕೆಂಪಾಯಿತು. ಅವನ ನಾಚಿಕೆಗೆ ಸೂಜಿ ಕಾರಣವಲ್ಲ ಎಂಬುದು ಅಲ್ಲಿ ಅವನೊಬ್ಬನಿಗೇ ಗೊತ್ತು.

ನಿಮ್ಮಿಂದ ಮುಚ್ಚಿಟ್ಟು ನನಗೇನು ಲಾಭ? ಈಗಲೇ ಹೇಳಿಬಿಡುತ್ತೇನೆ.

ಸುಗ್ಗಿ ತಿಂಗಳು ಬಂತೆಂದರೆ ಸುಳ್ಯದ ಕಡೆ ಗೌಡರ ಮನೆಗಳಿಗೆ ಸಿದ್ಧವೇಷ ಬರುತ್ತದೆ. ಊರ ಗಂಡಸರೇ ವೇಷ ಕಟ್ಟಿ, ಅಂಗಳದಲ್ಲಿ ಕುಣಿದು, ಮನೆಯವರನ್ನು ಗೇಲಿ ಮಾಡಿ, ಅಕ್ಕಿ ತೆಂಗಿನಕಾಯಿ ಹೊತ್ತು ಮುಂದಿನ ಮನೆಗೆ ಹೋಗುವ ಆಟ. ಈ ಊರಿನ ಸನ್ಯಾಸಿ ವೇಷಕ್ಕೆ ಮಾತ್ರ ಹಣೆಯಿಂದ ಗಲ್ಲದವರೆಗೆ ಇಳಿಯುವ ಮಣಿಯ ಪರದೆ. ಪರದೆ ಕಟ್ಟಿದವನು ಏನು ಹೇಳಿದರೂ ಯಾರೂ ಸಿಟ್ಟಾಗಬಾರದು. ಬಿಚ್ಚಿದ ಮೇಲೆ ಒಳಗಿದ್ದವನು ಯಾರೆಂದು ಯಾರೂ ಕೇಳಬಾರದು, ಅವನೂ ಹೇಳಬಾರದು. ಅದು ಹಿರಿಯರು ಹಾಕಿಟ್ಟ ಕಟ್ಟು.

ಹೋದ ವರ್ಷ, ಅಂದರೆ ೧೯೫೮ರ ಸುಗ್ಗಿಯಲ್ಲಿ, ಪುತ್ತೂರಿನಲ್ಲಿ ಮಾಷ್ಟ್ರ ಟ್ರೈನಿಂಗ್ ಮುಗಿಸಿ ಎರಡು ದಿನದ ಹಿಂದಷ್ಟೇ ಊರಿಗೆ ಬಂದ ತೀರ್ಥರಾಮ ಆ ಪರದೆ ಕಟ್ಟಿದ. ಬೋಜಪ್ಪ ಗೌಡರ ಅಂಗಳದಲ್ಲಿ ಕಂಬಕ್ಕೊರಗಿ ನಿಂತ ಮೊಮ್ಮಗಳನ್ನು ಕಂಡ. ಸನ್ಯಾಸಿ ಹೆಣ್ಣು ಕೇಳುವುದು ಆಟದ ಹಳೆಯ ತಮಾಷೆ.

"ಕಾವಿ ಬಿಚ್ಚಿ ಎಸೀತೇನೆ ಗೌಡ್ರೆ, ಈ ಹುಡುಗಿಯನ್ನು ನನಗೆ ಕೊಡಿ. ಕೊರಳು ಹೇಗೂ ಖಾಲಿ ಉಂಟಲ್ಲ!"

ಅಂಗಳ ಸ್ತಬ್ಧವಾಯಿತು. ಕಮಲಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಅವಳ ಗಂಡ ಜ್ವರದಲ್ಲಿ ತೀರಿಕೊಂಡು ಎರಡು ತಿಂಗಳಾಗಿದೆ, ಅವಳು ತವರಿಗೆ ಮರಳಿ ವಾರವಷ್ಟೇ ಆಗಿದೆ ಎಂದು ಅವನಿಗೆ ತಿಳಿದದ್ದು ಅಂಗಳ ದಾಟಿದ ಮೇಲೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕ್ಷಮೆ ಕೇಳೋಣವೆಂದರೆ ಕಟ್ಟು ಅಡ್ಡ ಬರುತ್ತಿತ್ತು. ತಿಂಗಳುಗಟ್ಟಲೆ ಅವನು ಆ ಮನೆಯ ದಾರಿ ಬಿಟ್ಟು ಗದ್ದೆಯ ಬದುವಿನ ಮೇಲೆ ಸುತ್ತಿ ಬಳಸಿ ಶಾಲೆಗೆ ಹೋದ.

ಮಳೆಗಾಲದಲ್ಲಿ ಪರದೆಯ ನೂಲು ಕೊಳೆತು ಮಣಿಗಳೆಲ್ಲ ಉದುರಿದವು. ಅದನ್ನು ಹೆಣೆಯಬಲ್ಲ ಗಂಡಸೆಂದರೆ ಬೋಜಪ್ಪ ಗೌಡರೊಬ್ಬರೇ, ಅವರ ಕಣ್ಣಿಗೆ ಪೊರೆ ಬಂದಿತ್ತು. ಅಜ್ಜನ ಪಕ್ಕ ಕೂತು ಕಲಿತ ಕಮಲಾವತಿಗೆ ಕೆಲಸವೆಲ್ಲ ಗೊತ್ತು. ಆದರೆ ವೇಷದ ಪರದೆಗೆ ಹೆಂಗಸರು ಸೂಜಿ ಹಾಕುವಂತಿಲ್ಲ. ಹೇಳಿಕೊಡಬಹುದು, ಮುಟ್ಟಬಾರದು. ಯಾರಾದರೊಬ್ಬ ಗಂಡಸು ಕಲಿಯದಿದ್ದರೆ ಈ ಊರಲ್ಲಿ ವೇಷ ಇಲ್ಲಿಗೆ ಮುಗಿಯಿತು ಎಂದು ಅಜ್ಜ ಹೇಳಿದಾಗ ಎಲ್ಲರೂ ತಲೆ ಕೆರೆದುಕೊಂಡರು. ತೀರ್ಥರಾಮ ಮುಂದೆ ಬಂದ. ಪ್ರಾಯಶ್ಚಿತ್ತ ಎಂದುಕೊಂಡಿದ್ದ, ಪಾಪ.

ಶಾಲೆ ಬಿಟ್ಟ ಮೇಲೆ ದಿನಾ ಜಗಲಿಯಲ್ಲಿ ಪಾಠ. ಸುಳ್ಯ ಪೇಟೆಯ ಆದಂ ಕುಂಞಿಯ ಅಂಗಡಿಯಿಂದ ತಂದ ಬಿಳಿ, ಕೆಂಪು, ಕಪ್ಪು ಮಣಿಗಳು ತೆಂಗಿನಕಾಯಿಯ ಮೂರು ಗೆರಟೆಯಲ್ಲಿ. ಕಮಲಾವತಿಯ ಕೈಯಲ್ಲಿ ಪೊರಕೆಯಿಂದ ಕಿತ್ತ ಒಂದು ಹಿಡಿಕಡ್ಡಿ.

"ಎರಡು ಬಿಟ್ಟು ಮೂರನೇ ಮಣಿಯಲ್ಲಿ ಸೂಜಿ ದಾಟಿಸಿ. ಅಯ್ಯೋ ಮಾರಾಯ್ರೆ, ಅದು ನಾಲ್ಕನೇದು! ಲೆಕ್ಕ ಕಲಿಸುದು ನೀವೇ ಅಲ್ವಾ?"

"ಲೆಕ್ಕಕ್ಕೆ ಬೇರೆ ಮಾಷ್ಟ್ರು ಇದ್ದಾರೆ."

"ಮಕ್ಕಳ ಪುಣ್ಯ!"

ತಪ್ಪಿದರೆ ಹಿಡಿಕಡ್ಡಿ ಅವನ ಬೆರಳಿಗೆ ಪಟ್ಟೆಂದು ಬೀಳುತ್ತಿತ್ತು. ಒಮ್ಮೊಮ್ಮೆ ಅವನು ಬೇಕೆಂದೇ ತಪ್ಪುತ್ತಿದ್ದ. ಅವಳಿಗದು ಗೊತ್ತಾಗುತ್ತಿತ್ತು, ಆಗ ಕಡ್ಡಿ ಮೆಲ್ಲಗೆ ಬೀಳುತ್ತಿತ್ತು. ಅವನು ತಲೆಯೆತ್ತಿದರೆ ಅವಳು ಗೆರಟೆ ನೋಡುತ್ತಿದ್ದಳು, ಅವನು ಮಣಿಗೆ ಬಗ್ಗಿದರೆ ಅವಳ ಕಣ್ಣು ಅವನ ಹಣೆಯ ಮೇಲೆ.

ಅವನಿಗೆ ಅವಳ ಮೇಲೆ ಪ್ರೀತಿ ಬಂದಿತ್ತು, ಸುತ್ತು ಬಳಸಿ ಯಾಕೆ ಹೇಳಲಿ? ಅವಳು ನಕ್ಕಾಗಲೆಲ್ಲ ಆ ನಗುವನ್ನು ಕದ್ದ ಹಾಗೆ ಅನಿಸಿ ತಲೆ ತಗ್ಗಿಸುತ್ತಿದ್ದ. ಹೇಳಿದರೆ ಅವಳು ಮುಖ ನೋಡುವುದಿಲ್ಲ. ಹೇಳದಿದ್ದರೆ ಸಾಯುವವರೆಗೂ ಅವಳೆದುರು ಕಳ್ಳನಾಗಿ ಕೂರಬೇಕು.

ವೇಷಕ್ಕೆ ನಾಲ್ಕು ದಿನವಿರುವಾಗ, ಪರದೆಯ ಮೇಲೆ ಮಣಿಯಲ್ಲೇ ಮೂಡಿಸಿದ ಮುಖಕ್ಕೆ ಕಪ್ಪು ಹುಬ್ಬುಗಳು ಮಾತ್ರ ಬಾಕಿಯಿದ್ದವು. ಅಜ್ಜ ಬಚ್ಚಲಿಗೆ ಹೋಗಿದ್ದರು. ಕಪ್ಪು ಮಣಿಯ ಗೆರಟೆ ಖಾಲಿಯಾಯಿತು.

"ಕರಿಮಣಿ ಸಾಲುದಿಲ್ಲ. ನಿಮ್ಮ ಹತ್ರ ಎಲ್ಲಾದ್ರೂ..."

ಅಲ್ಲಿಗೆ ನಾಲಿಗೆ ಕಚ್ಚಿಕೊಂಡ. ಗಂಡ ಸತ್ತವಳ ಹತ್ತಿರ ಕರಿಮಣಿ ಕೇಳುವ ಮೂರ್ಖ ಊರಿಗೆ ಒಬ್ಬನೇ, ಅವನೂ ಮಾಷ್ಟ್ರು! ನೆಲ ಬಾಯಿ ಬಿಟ್ಟಿದ್ದರೆ ಆಗಲೇ ಇಳಿದುಹೋಗುತ್ತಿದ್ದ.

ಕಮಲಾವತಿ ಎದ್ದು ಒಳಗೆ ಹೋದಳು. ಬಂದಾಗ ಕೈಯಲ್ಲಿ ಸಣ್ಣ ಬಟ್ಟೆಯ ಗಂಟು. ಬಿಚ್ಚಿ ಗೆರಟೆಗೆ ಸುರಿದಳು.

"ನನ್ನದು. ಪೆಟ್ಟಿಗೆಯಲ್ಲಿ ಇದ್ದು ಯಾರಿಗೆ ಎಂತ ಉಪಕಾರ? ಕಟ್ಟಿ."

ಅವನು ಸೂಜಿ ಕೆಳಗಿಟ್ಟ. "ಇದನ್ನು ಮುಟ್ಟುವ ಯೋಗ್ಯತೆ ನನಗಿಲ್ಲ."

"ವಿಧವೆಯದ್ದು ಅಂತವಾ?"

"ಅಯ್ಯೋ, ಅಲ್ಲ!" ಅವನು ಗೆರಟೆಯನ್ನು ಅವಳ ಕಡೆ ಸರಿಸಿದ. "ಹೋದ ವರ್ಷ ಪರದೆಯ ಹಿಂದೆ ಇದ್ದದ್ದು ನಾನು. ಕೊರಳು ಖಾಲಿ ಅಂತ ಹೇಳಿದ್ದು ನಾನು. ಗೊತ್ತಿರಲಿಲ್ಲ ಅನ್ನುದು ನೆವ ಆಗ್ತದೆ. ಈಗ ಕಟ್ಟು ಮುರಿದೆ, ಇನ್ನು ನನ್ನನ್ನು ವೇಷಕ್ಕೆ ಸೇರಿಸ್ಲಿಕ್ಕಿಲ್ಲ. ಸೇರಿಸುದು ಬೇಡ. ನಿಮ್ಮ ಮುಖ ನೋಡ್ಲಿಕ್ಕೆ ನನಗೆ ನಾಚಿಕೆ ಆಗ್ತದೆ."

ಅವಳು ಗೆರಟೆಯನ್ನು ಮತ್ತೆ ಅವನ ಕಡೆಗೇ ದೂಡಿದಳು.

"ನಾನು ಒಳಗೆ ಓಡಿದ್ದು ಯಾಕೆ ಅಂತ ಮಾಡಿದ್ದೀರಿ?"

"ಅಳ್ಲಿಕ್ಕೆ."

"ನಗ್ಲಿಕ್ಕೆ, ಮಾಷ್ಟ್ರೆ."

ಅವನು ಕಣ್ಣು ಕಣ್ಣು ಬಿಟ್ಟ.

"ಕಾವಿ ಎಸೀತೇನೆ ಅನ್ನುವಾಗ ಪರದೆಯ ಒಂದು ಎಳೆ ನಿಮ್ಮ ಬಾಯಿಯೊಳಗೆ ಹೋಯ್ತು. ಹೆಣ್ಣು ಕೇಳುವ ಗಂಭೀರ ಏನು, ಥೂ ಥೂ ಅಂತ ಉಗುಳುದೇನು! ತಡೀಲಿಕ್ಕೇ ಆಗ್ಲಿಲ್ಲ. ಅಡುಗೆಕೋಣೆಯಲ್ಲಿ ಹೊಟ್ಟೆ ಹಿಡ್ಕೊಂಡು ನಕ್ಕೆ. ಗಂಡ ಹೋಗಿ ಎರಡೇ ತಿಂಗಳು." ಅವಳ ಕಣ್ಣು ತುಂಬಿತು. "ನಾನು ಎಂಥ ಹೆಂಗಸು ಅಂತ ಒಂದು ವರ್ಷ ನನ್ನನ್ನೇ ಬೈಕೊಂಡೆ. ದೇವರ ದೀಪ ಹಚ್ಚುವಾಗಲೂ ನಾಚಿಕೆ. ಯಾರ ಹತ್ರ ಹೇಳುದು ಇದನ್ನು?"

"ನಕ್ಕದ್ದು ತಪ್ಪಲ್ಲ ಕಮಲಾವತಿ."

"ನೀವು ಹೇಳಿದ್ದು?"

"ಅದು ತಪ್ಪೇ."

"ಹೌದು, ತಪ್ಪೇ," ಎಂದಳು ಅವಳು ಸೆರಗಿನಿಂದ ಕಣ್ಣು ಒರೆಸಿ. ಬಿಟ್ಟುಕೊಡುವ ಹೆಣ್ಣಲ್ಲ. ಅವನಿಗೆ ಎದೆಯ ಭಾರ ಅರ್ಧ ಇಳಿದದ್ದು ಆ ಮಾತಿನಿಂದಲೇ.

ಬಚ್ಚಲಿನಲ್ಲಿ ಅಜ್ಜ ನೀರು ಹುಯ್ದುಕೊಳ್ಳುವ ಸದ್ದು ನಿಂತಿತ್ತು. ಈಗ ಹೇಳದಿದ್ದರೆ ಮತ್ತೆಂದೂ ಹೇಳಲಾರೆ ಎನಿಸಿತು ಅವನಿಗೆ.

"ಸುಗ್ಗಿ ಕಳೆದ ಮೇಲೆ ಅಪ್ಪನನ್ನು ಕರ್ಕೊಂಡು ಬರ್ಲಾ? ತಮಾಷೆಗಲ್ಲ."

ಅವಳು ಗೆರಟೆಯ ಮಣಿಗಳನ್ನೇ ನೋಡಿದಳು. ಗೌಡರಲ್ಲಿ ವಿಧವೆಗೆ ಮತ್ತೆ ಮದುವೆಯಾಗಲು ಅಡ್ಡಿಯಿಲ್ಲ, ಜನರ ಬಾಯಿಗೆ ಮಾತ್ರ ಬೀಗವಿಲ್ಲ.

"ಊರವರು ನಗ್ತಾರೆ."

"ನಗ್ಲಿ. ನಿಮಗೆ ಮನಸ್ಸುಂಟಾ, ಇಲ್ವಾ?"

ಅವಳು ಪರದೆಯನ್ನು ತನ್ನ ಕಡೆ ಎಳೆದುಕೊಂಡಳು. ಅವನು ಕೆಳಗಿಟ್ಟ ಸೂಜಿಯನ್ನು ಎತ್ತಿಕೊಂಡು, ತನ್ನ ಕರಿಮಣಿಯೊಂದನ್ನು ಏರಿಸಿ, ಪರದೆಯ ಹುಬ್ಬಿನ ಜಾಗದಲ್ಲಿ ಹೊಲಿದು ನೂಲು ಬಿಗಿದಳು. ಅವನು ಗಾಬರಿಯಿಂದ ಬಚ್ಚಲ ಕಡೆ ನೋಡಿದ.

"ನೀವೊಬ್ರೇ ಯಾಕೆ ತಪ್ಪಿತಸ್ಥರಾಗುದು?" ಎಂದಳು. ಎರಡನೇ ಮಣಿ ಏರಿಸುತ್ತಾ, ತಲೆಯೆತ್ತದೆ, ಮೆಲ್ಲಗೆ ಸೇರಿಸಿದಳು: "ಅಪ್ಪನೊಟ್ಟಿಗೆ ಅಮ್ಮನನ್ನೂ ಕರ್ಕೊಂಡು ಬನ್ನಿ. ಗಂಡಸರು ಮಾತ್ರ ಬಂದ್ರೆ ಅಜ್ಜ ಹೆಣ್ಣು ಕೊಡುದಿಲ್ಲ."